ಎರೆ ಮಣ್ಣಿನ ಹಾದಿಯೂ ನಾಲ್ಕು ಗಾಲಿಯ ಬಲವೂ

ಕಲಬುರಗಿಯಿಂದ ಹುಮನಾಬಾದಿನ ಹಾದಿ ಹಿಡಿದ ವಾಹನ ಮಹಾಗಾಂವ ಕ್ರಾಸ್ ದಾಟಿ ಕಮಲಾಪುರ ಸೇರಲು ಇಂದು ಒಂದು ತಾಸು ಸಾಕು. ಹಿಂದೆ 218 ಎಂದು ಕರೆಸಿಕೊಳ್ಳುತ್ತಿದ್ದ, ಈಗ 50 ಎಂಬ ಸಂಖ್ಯೆ ಹೊತ್ತ ಈ ರಾಷ್ಟ್ರೀಯ ಹೆದ್ದಾರಿಯ ಮೇಲೆ ಲಾರಿ, ಬಸ್ಸು, ಕ್ರೂಸರ್, ಟಂಟಂಗಳ ಓಡಾಟಕ್ಕೆ ಬಿಡುವೆಂಬುದಿಲ್ಲ. ಆದರೆ ಮಳೆಗಾಲದಲ್ಲಿ ಡಾಂಬರು ಬಿಟ್ಟು ಹೊಲದ ದಾರಿಗೆ ನಾಲ್ಕು ಮಾರು ಇಳಿದರೆ ಸಾಕು, ಇದೇ ಸೀಮೆಯ ಇನ್ನೊಂದು ಮುಖ ಎದುರಾಗುತ್ತದೆ. ನೆನೆದ ಎರೆ ಮಣ್ಣು ಗಾಲಿಗೆ ಮೆತ್ತಿಕೊಳ್ಳುತ್ತದೆ. ಮೆತ್ತಿದ್ದರ ಮೇಲೆ ಮತ್ತೆ ಮೆತ್ತುತ್ತದೆ. ಸ್ವಲ್ಪ ಹೊತ್ತಿಗೆ ಟೈರಿನ ಗೆರೆಗಳೆಲ್ಲ ಮುಚ್ಚಿ, ಗಾಲಿ ಬರಿಯ ಮಣ್ಣಿನ ಉಂಡೆಯಾಗುತ್ತದೆ. ಆಮೇಲೆ ಎಂಜಿನ್ ಎಷ್ಟು ಕೂಗಿದರೂ ಗಾಡಿ ಕೂತ ಜಾಗದಿಂದ ಏಳುವುದಿಲ್ಲ.

ಬಿತ್ತನೆಯ ಕಾಲದಲ್ಲಿ ಬೀಜ–ಗೊಬ್ಬರ ಹೊಲ ಮುಟ್ಟಬೇಕು, ತೋಟದ ಬಾಳೆಗೊನೆ ಮಾರುಕಟ್ಟೆ ಮುಟ್ಟಬೇಕು, ಹೆರಿಗೆ ನೋವು ತಿನ್ನುವ ಹೆಣ್ಣುಮಗಳು ದವಾಖಾನೆ ಮುಟ್ಟಬೇಕು. ಇವೆಲ್ಲವೂ ಕೆಲವೊಮ್ಮೆ ಆ ನಾಲ್ಕು ಮಾರಿನ ರಾಡಿಯಲ್ಲೇ ನಿಂತುಬಿಡುವುದುಂಟು. ಹೀಗಾಗಿ ‘ನಾಲ್ಕೂ ಗಾಲಿಗೆ ಬಲ’ ಎಂಬ ಮಾತು ಈ ಸೀಮೆಯವರ ಕಿವಿಗೆ ಬೇಗ ಬೀಳುತ್ತದೆ. ‘ಆಲ್ ವೀಲ್ ಡ್ರೈವ್’ ಎಂದು ಬೆನ್ನ ಮೇಲೆ ಬರೆಸಿಕೊಂಡ ಕಾರುಗಳು ಬಂದಿವೆ. ಯಾವ ಗಾಲಿಗೆ ಎಷ್ಟು ಬಲ ಎಂಬುದನ್ನು ಗಣಕವೇ ನೋಡಿಕೊಳ್ಳುತ್ತದೆ, ಚಾಲಕ ಸುಮ್ಮನೆ ಕೂತರಾಯಿತು ಎಂಬುದು ಮಾರುವವರ ಮಾತು.

ಈ ಮಾತು ಎಷ್ಟು ನಿಜ? ಇದನ್ನು ತಿಳಿಯಲು ನೂರಿಪ್ಪತ್ತು ವರ್ಷಗಳಿಗೂ ಹಿಂದಕ್ಕೆ ಹೋಗಬೇಕು. ಬಲವನ್ನು ಗಾಲಿಗಳಿಗೆ ಹಂಚುವ ತೀರ್ಮಾನ ಯಾರದು ಎಂಬ ಒಂದೇ ಪ್ರಶ್ನೆಗೆ ಸಿಕ್ಕ ಬೇರೆ ಬೇರೆ ಉತ್ತರಗಳೇ ಈ ವಾಹನಗಳ ಇತಿಹಾಸ. ಮೊದಲು ಆ ತೀರ್ಮಾನ ಚಾಲಕನ ಕೈಯಲ್ಲಿತ್ತು. ಆಮೇಲೆ ಹಲ್ಲುಗಾಲಿಗಳ ಪಾಲಾಯಿತು. ಈಗ ಗಣಕದ ಪಾಲಾಗಿದೆ.

ಹಂತಿಯ ಎತ್ತು, ಬಂಡಿಯ ನೊಗ

ಹಂತಿ ಕಟ್ಟಿ ರಾಶಿ ಮಾಡುತ್ತಿದ್ದ ಕಾಲವನ್ನು ಕಂಡವರಿಗೆ ಕಾರಿನ ಅತಿ ಮುಖ್ಯ ಭಾಗವೊಂದನ್ನು ವಿವರಿಸುವುದು ಸುಲಭ. ಕಣದ ನಡುವಿನ ಮೇಟಿಗೆ ಸಾಲಾಗಿ ಕಟ್ಟಿದ ಎತ್ತುಗಳಲ್ಲಿ ಮೇಟಿಯ ಪಕ್ಕದ ಎತ್ತು ಸಣ್ಣ ಹೆಜ್ಜೆ ಇಡುತ್ತದೆ. ಹೊರ ಅಂಚಿನ ಎತ್ತು ಅಷ್ಟೇ ಹೊತ್ತಿನಲ್ಲಿ ದೊಡ್ಡ ಸುತ್ತು ಹಾಕಬೇಕಾದ್ದರಿಂದ ಬಿರುಸಾಗಿ ನಡೆಯುತ್ತದೆ. ತಿರುವಿನಲ್ಲಿ ಕಾರಿನ ಗಾಲಿಗಳ ಸ್ಥಿತಿಯೂ ಇದೇ. ಒಳಗಿನ ಗಾಲಿ ಕಡಿಮೆ ದೂರ, ಹೊರಗಿನ ಗಾಲಿ ಹೆಚ್ಚು ದೂರ ಉರುಳಬೇಕು.

ಬಂಡಿಗೆ ಇದು ತೊಡಕೇ ಅಲ್ಲ. ಅದರ ಎರಡು ಗಾಲಿಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ, ಎಳೆಯುವವು ಎತ್ತಿನ ಕಾಲುಗಳು. ಮೋಟಾರು ವಾಹನದಲ್ಲಿ ಗಾಲಿಯನ್ನೇ ಎಂಜಿನ್ ತಿರುಗಿಸುತ್ತದೆ. ಎರಡೂ ಗಾಲಿಗಳನ್ನು ಒಂದೇ ದಂಡಕ್ಕೆ ಬಿಗಿದರೆ ತಿರುವಿನಲ್ಲಿ ಒಂದು ಗಾಲಿ ನೆಲಕ್ಕೆ ಉಜ್ಜಲೇಬೇಕು. ಈ ಉಜ್ಜಾಟ ತಪ್ಪಿಸುವ ಹಲ್ಲುಗಾಲಿಗಳ ಗುಚ್ಛವೇ ಡಿಫರೆನ್ಷಿಯಲ್. ಅದನ್ನು 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಹಬೆಬಂಡಿಗೆಂದು ರೂಪಿಸಿ ಹಕ್ಕುಪತ್ರ ಪಡೆದ.

ಆದರೆ ಈ ಉಪಕಾರಿಯಲ್ಲಿ ಒಂದು ಅಪಕಾರವೂ ಅಡಗಿದೆ. ನಡುವೆ ಮಿಣಿಯಿಂದ ಬಿಗಿದ ನೊಗವನ್ನು ನೆನೆಯಿರಿ. ಒಂದು ಎತ್ತು ಕಾಲು ಜಾರಿ ಹಿಂದೆ ಬಿದ್ದರೆ ನೊಗ ಓರೆಯಾಗುತ್ತದೆ. ಇನ್ನೊಂದು ಎತ್ತಿನ ಬಲವೆಲ್ಲ ನೊಗವನ್ನು ತಿರುಗಿಸುವುದರಲ್ಲೇ ಕಳೆಯುತ್ತದೆ, ಬಂಡಿ ಮುಂದೆ ಹೋಗುವುದಿಲ್ಲ. ಡಿಫರೆನ್ಷಿಯಲ್ ಕೂಡ ಎರಡೂ ಬದಿಗೆ ಸಮ ಬಲವನ್ನೇ ಕೊಡುವ ನೊಗ. ಒಂದು ಗಾಲಿ ಕೆಸರಿನಲ್ಲಿ ಹಿಡಿತ ಕಳೆದುಕೊಂಡು ಗಿರಗಿರನೆ ತಿರುಗತೊಡಗಿದರೆ ಅದಕ್ಕೆ ಬೇಕಾಗುವ ಬಲ ತೀರಾ ಕಡಿಮೆ. ಗಟ್ಟಿ ನೆಲದ ಮೇಲಿರುವ ಜೊತೆಗಾಲಿಗೂ ಅಷ್ಟೇ ಕಡಿಮೆ ಬಲ ಸಿಗುತ್ತದೆ. ಹುದುಲಿನಲ್ಲಿ ಸಿಕ್ಕ ಗಾಡಿಯ ಒಂದು ಗಾಲಿ ಹುಚ್ಚಾಗಿ ತಿರುಗುತ್ತಿರುವಾಗ ಇನ್ನೊಂದು ಗಾಲಿ ಸುಮ್ಮನೆ ನಿಂತಿರುವುದನ್ನು ನೋಡದವರಾರು?

ಹಿಡಿತದ ಲೆಕ್ಕ

ಗಾಲಿಗೆ ಎಂಜಿನ್ ಎಷ್ಟೇ ಬಲ ಕೊಡಲಿ, ನೆಲ ಒಪ್ಪಿದಷ್ಟೇ ಬಲ ಗಾಡಿಯನ್ನು ಮುಂದೆ ತಳ್ಳುವುದು. ನೆಲ ಒಪ್ಪುವ ಈ ಪ್ರಮಾಣಕ್ಕೆ ಹಿಡಿತ ಎನ್ನೋಣ. ಅದು ಎರಡು ಸಂಗತಿಗಳನ್ನು ಅವಲಂಬಿಸಿದೆ: ಗಾಲಿಯ ಮೇಲೆ ಬಿದ್ದ ಭಾರ ಮತ್ತು ನೆಲದ ಗುಣ.

ಕಲಬುರಗಿ ಸೀಮೆಯ ನೆಲದ ಗುಣ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆಯೇ ನಿಶ್ಚಯವಾದದ್ದು. ಅಂದು ದಖ್ಖನಿನ ಮೇಲೆ ಪದರಪದರವಾಗಿ ಹರಿದ ಲಾವಾ ಕಪ್ಪು ಕಲ್ಲಾಯಿತು. ಆ ಕಲ್ಲು ಕಾಲಾಂತರದಲ್ಲಿ ಸವೆದು ಎರೆ ಮಣ್ಣಾಯಿತು. ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರುಕು ಬಿಡುವ ನವಿರಾದ ಜೇಡಿ ಇದರಲ್ಲಿ ಬಹಳ. ಮಳೆ ನಿಂತ ಮೇಲೂ ತೇವವನ್ನು ತಿಂಗಳುಗಟ್ಟಲೆ ಹಿಡಿದಿಟ್ಟು ತೊಗರಿಯನ್ನು ಕಾಯುವ ಮಣ್ಣು ಇದೇ. ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಬೆಳೆಗೆ ತಾಯಿಯಾದ ಅದೇ ಗುಣ ಗಾಲಿಗೆ ಶತ್ರು. ಹುಮನಾಬಾದ್, ಬೀದರ್ ಕಡೆಗೆ ಸಾಗಿದಂತೆ ಜಂಬಿಟ್ಟಿಗೆಯ ಕೆಂಪು ನೆಲ ಎದುರಾಗುತ್ತದೆ. ಎರೆಯಷ್ಟು ಅಂಟದ ಆ ನೆಲದಲ್ಲಿ ಚಾಲಕನಿಗೆ ತುಸು ನೆಮ್ಮದಿ.

ಈಗ ಒಂದು ಸಣ್ಣ ಲೆಕ್ಕ. 1500 ಕಿಲೊ ತೂಕದ ಕಾರು. ಅರ್ಧ ಭಾರ ಮುಂದಿನ ಗಾಲಿಗಳ ಮೇಲೆ, ಅರ್ಧ ಹಿಂದಿನವುಗಳ ಮೇಲೆ ಎಂದಿಟ್ಟುಕೊಳ್ಳೋಣ. ನೆನೆದ ನೆಲ ಭಾರದ ಐದನೇ ಒಂದು ಪಾಲಿನಷ್ಟು ಹಿಡಿತ ಕೊಟ್ಟರೆ, ಎರಡೇ ಗಾಲಿಗೆ ಬಲವಿರುವ ಕಾರಿಗೆ ಸಿಗುವುದು 150 ಕಿಲೊಗಳ ಎಳೆತ. ನಾಲ್ಕೂ ಗಾಲಿಗೆ ಬಲವಿದ್ದರೆ 300. ಎಂಟು ಅಡಿಗೆ ಒಂದು ಅಡಿ ಏರುವ ದಿಬ್ಬ ಹತ್ತಲು ಈ ಕಾರಿಗೆ 187 ಕಿಲೊಗಳ ಎಳೆತವಾದರೂ ಬೇಕು. ಮೊದಲನೆಯ ಕಾರು ಬುಡದಲ್ಲೇ ನಿಲ್ಲುತ್ತದೆ, ಎರಡನೆಯದು ಹತ್ತುತ್ತದೆ. ಆದರೆ ಮಳೆ ಇನ್ನಷ್ಟು ಸುರಿದು ಹಿಡಿತ ಹತ್ತನೇ ಒಂದು ಪಾಲಿಗೆ ಇಳಿಯಿತೆನ್ನಿ. ಆಗ ನಾಲ್ಕು ಗಾಲಿ ಸೇರಿದರೂ ಸಿಗುವುದು 150 ಮಾತ್ರ. ಎರಡೂ ಕಾರುಗಳು ಒಂದೇ ಕಡೆ ನಿಲ್ಲುತ್ತವೆ.

ನಾಲ್ಕು ಗಾಲಿಯ ಬಲದ ಮಹಿಮೆಯೂ ಮಿತಿಯೂ ಈ ಪುಟ್ಟ ಲೆಕ್ಕದಲ್ಲಿದೆ. ನೆಲದಲ್ಲಿರುವ ಹಿಡಿತವನ್ನು ಅದು ಪೂರ್ತಿಯಾಗಿ ಬಳಸಿಕೊಳ್ಳುತ್ತದೆ. ನೆಲದಲ್ಲಿ ಇಲ್ಲದ ಹಿಡಿತವನ್ನು ಹುಟ್ಟಿಸಲಾರದು.

ಜೀಪಿನ ಸನ್ನೆಗೋಲು

ನಾಲ್ಕೂ ಗಾಲಿಗೆ ಬಲ ಕೊಡುವ ಯೋಚನೆ ಮೋಟಾರು ಕಾರಿನಷ್ಟೇ ಹಳೆಯದು. 1900ರಲ್ಲಿ ಆಸ್ಟ್ರಿಯದ ಲೋನರ್ ಕಂಪನಿಯಲ್ಲಿದ್ದ ಫರ್ಡಿನಾಂಡ್ ಪೋರ್ಷೆ ಎಂಬ ಯುವಕ ನಾಲ್ಕು ಗಾಲಿಗಳಿಗೂ ಒಂದೊಂದು ವಿದ್ಯುತ್ ಮೋಟಾರು ಕೂಡಿಸಿದ ಕಾರು ತಯಾರಿಸಿದ. 1903ರಲ್ಲಿ ಹಾಲೆಂಡಿನ ಸ್ಪೈಕರ್ ಕಂಪನಿ ಪೆಟ್ರೋಲ್ ಎಂಜಿನ್ನಿನಿಂದ ನಾಲ್ಕೂ ಗಾಲಿ ತಿರುಗಿಸುವ ಕಾರನ್ನು ತೋರಿಸಿತು. ಆದರೆ ಈ ಯೋಚನೆ ಜಗತ್ತಿನ ಮೂಲೆ ಮೂಲೆ ಮುಟ್ಟಿದ್ದು ಎರಡನೇ ಮಹಾಯುದ್ಧದ ಜೀಪಿನಿಂದ. 1940ರಲ್ಲಿ ಅಮೆರಿಕದ ಸೇನೆ ಹಗುರವಾದ ವಾಹನವೊಂದು ಬೇಕೆಂದಾಗ ಬ್ಯಾಂಟಮ್ ಕಂಪನಿ ಮೊದಲ ಮಾದರಿ ಒದಗಿಸಿತು. ವಿಲೀಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಕಟ್ಟಿದ್ದವು.

ಆಗ ಗುಲಬರ್ಗಾ ಎಂದೇ ಪ್ರಸಿದ್ಧವಾಗಿದ್ದ ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1932ರಲ್ಲಿ ನಿಜಾಂ ಸರ್ಕಾರ ತನ್ನ ರೈಲ್ವೆಯ ಅಂಗವಾಗಿ 27 ಬಸ್ಸುಗಳಿಂದ ರಸ್ತೆ ಸಾರಿಗೆ ಆರಂಭಿಸಿತ್ತು. ಆದರೂ ರಸ್ತೆಯಿಂದಾಚೆಯ ಹಳ್ಳಿಗಳಿಗೆ ಬಂಡಿಯೇ ಗತಿ. 1948ರ ಸೆಪ್ಟೆಂಬರ್ 13ರಂದು ಪೊಲೀಸ್ ಕಾರ್ಯಾಚರಣೆ ಶುರುವಾದಾಗ ಭಾರತೀಯ ಸೇನೆಯ ಮುಖ್ಯ ಪಡೆ ಸೊಲ್ಲಾಪುರದಿಂದ ನಳದುರ್ಗ, ಉಮರ್ಗಾ, ಬೀದರ್ ಜಿಲ್ಲೆಯ ರಾಜೇಶ್ವರ, ಜಹೀರಾಬಾದ್ ಮಾರ್ಗವಾಗಿ ಹೈದರಾಬಾದಿನತ್ತ ಸಾಗಿತು. ಕಮಲಾಪುರದ ಉತ್ತರಕ್ಕೆ ಹಾದುಹೋಗುವ ಹಾದಿ ಅದು. ಐದೇ ದಿನಗಳಲ್ಲಿ ಕಾರ್ಯಾಚರಣೆ ಮುಗಿಯಿತು.

ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲೇ ಮುಂಬೈಯಲ್ಲಿ ಮಹೀಂದ್ರ ಕಂಪನಿ ವಿಲೀಸ್ ಜೀಪುಗಳನ್ನು ಜೋಡಿಸತೊಡಗಿತು. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಬಿಡಿಓ ಸಾಹೇಬರ ಜೀಪು ಹಳ್ಳಿಗಳಿಗೆ ಪರಿಚಿತ ದೃಶ್ಯವಾಯಿತು. ಹಳ್ಳಿಗನ ಪಾಲಿಗೆ ಜೀಪಿನ ಸದ್ದೆಂದರೆ ಸರ್ಕಾರ ಬಂದ ಸದ್ದು.

ಆ ಜೀಪಿನಲ್ಲಿ ಬಲ ಹಂಚುವ ತೀರ್ಮಾನ ಪೂರಾ ಚಾಲಕನದು. ಗೇರಿನ ಪಕ್ಕದಲ್ಲಿ ಇನ್ನೊಂದು ಸನ್ನೆಗೋಲು. ಅದನ್ನು ಎಳೆದರೆ ಮುಂದಿನ ಮತ್ತು ಹಿಂದಿನ ದಂಡಗಳೆರಡೂ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೆಸರಿನಲ್ಲಿ ಇದು ಚೆನ್ನ. ಗಟ್ಟಿ ಡಾಂಬರಿನ ಮೇಲೆ ಹೀಗೇ ಓಡಿಸಿದರೆ ಹಂತಿಯ ತೊಡಕು ಮತ್ತೆ ಎದುರಾಗುತ್ತದೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು, ಬೆಸುಗೆ ಬಿಡುವುದಿಲ್ಲ. ದಂಡಗಳು ತಿರುಚಿಕೊಂಡು ಸ್ಟೇರಿಂಗ್ ಬಿಗಿಯುತ್ತದೆ, ಟೈರು ಸವೆಯುತ್ತದೆ. ಆದ್ದರಿಂದ ರಾಡಿಗೆ ಇಳಿಯುವ ಮುನ್ನ ಹಾಕಬೇಕು, ಡಾಂಬರು ಹತ್ತಿದೊಡನೆ ತೆಗೆಯಬೇಕು. 1985ರಲ್ಲಿ ಬಂದ ಮಾರುತಿ ಜಿಪ್ಸಿಯ ಮೊದಮೊದಲ ಗಾಡಿಗಳಲ್ಲಂತೂ ಚಾಲಕ ಕೆಳಗಿಳಿದು ಮುಂದಿನ ಗಾಲಿಗಳ ನಡುವಿನ ಗುಬುಟನ್ನು ಕೈಯಿಂದ ತಿರುಗಿಸಬೇಕಿತ್ತು. ಹೀಗೆ ಇಳಿದವನ ಕಾಲಿಗೆ ಮಣ್ಣು ತಾಗುತ್ತಿತ್ತು. ಮುಂದಿನ ದಾರಿ ಎಂಥದೆಂದು ಅವನಿಗೆ ತಾನಾಗಿ ತಿಳಿಯುತ್ತಿತ್ತು.

ತೀರ್ಮಾನ ಯಂತ್ರದ ಪಾಲಿಗೆ

ಹಾಕುವ–ತೆಗೆಯುವ ಈ ತಾಪತ್ರಯವನ್ನು ನೀಗಿಸಲು ಹೊರಟವರಲ್ಲಿ ಪ್ರಮುಖ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. ಮ್ಯಾಸ್ಸಿ ಫರ್ಗ್ಯುಸನ್ ಟ್ರ್ಯಾಕ್ಟರಿನ ಮೂಲಕ ನಮ್ಮ ರೈತರಿಗೆ ಈತನ ಹೆಸರು ಚಿರಪರಿಚಿತ. ಮುಂದಿನ ಮತ್ತು ಹಿಂದಿನ ದಂಡಗಳ ನಡುವೆಯೂ ಒಂದು ಡಿಫರೆನ್ಷಿಯಲ್ ಇಟ್ಟು, ಅದು ಹದ್ದು ಮೀರಿ ಜಾರದಂತೆ ತಡೆದರೆ ನಾಲ್ಕು ಗಾಲಿಯ ಬಲವನ್ನು ಡಾಂಬರಿನ ಮೇಲೂ ಸದಾ ಇಟ್ಟುಕೊಳ್ಳಬಹುದು ಎಂಬುದು ಅವನ ಸಂಸ್ಥೆಯ ವಾದ. 1960ರಲ್ಲಿ ಆತ ತೀರಿಕೊಂಡ. ಆತನ ಪದ್ಧತಿಯನ್ನು ಅಳವಡಿಸಿದ ಜೆನ್ಸನ್ ಎಫ್‌ಎಫ್ ಕಾರು 1966ರಲ್ಲಿ ಹೊರಬಂತು. ಜರ್ಮನಿಯ ಆಡಿ ಕಂಪನಿಯ ಕ್ವಾಟ್ರೊ 1980ರಲ್ಲಿ ಬಂದು ರ್‍ಯಾಲಿ ಓಟಗಳಲ್ಲಿ ಗೆಲ್ಲತೊಡಗಿದ ಮೇಲೆ ನಾಲ್ಕು ಗಾಲಿಯ ಬಲ ಕೆಸರಿನ ಗಾಡಿಗಳಿಗೆ ಮಾತ್ರ ಎಂಬ ಭಾವನೆ ಅಳಿಯಿತು.

ಇವೆಲ್ಲ ಹಲ್ಲುಗಾಲಿಗಳ ಜಾಣತನ. ಗಣಕ ಕಾಲಿಟ್ಟದ್ದು ಬೇರೊಂದು ಬಾಗಿಲಿನಿಂದ. 1978ರಲ್ಲಿ ಬಾಷ್ ಕಂಪನಿಯ ಎಬಿಎಸ್ ಬ್ರೇಕ್ ಮರ್ಸಿಡಿಸ್ ಕಾರುಗಳಿಗೆ ಬಂತು. ಬ್ರೇಕ್ ಒತ್ತಿದಾಗ ಗಾಲಿ ಕಚ್ಚಿಕೊಂಡು ಜಾರದಂತೆ ನೋಡಿಕೊಳ್ಳುವುದು ಇದರ ಕೆಲಸ. ಅದಕ್ಕಾಗಿ ಗಾಲಿಗಳ ವೇಗ ಅಳೆಯುವ ಸಂವೇದಕಗಳು ಬಂದವು. ಗಾಲಿಯೊಡನೆ ತಿರುಗುವ ಹಲ್ಲಿನ ಬಳೆ, ಅದರ ಪಕ್ಕದಲ್ಲಿ ಪುಟ್ಟ ಅಯಸ್ಕಾಂತೀಯ ಸಂವೇದಕ. ಹಲ್ಲು ಹಾದಾಗಲೆಲ್ಲ ಒಂದು ವಿದ್ಯುತ್ ಮಿಡಿತ. ಮಿಡಿತ ಎಣಿಸಿದರೆ ವೇಗ ತಿಳಿಯಿತು. ಗಾಲಿ ಬ್ರೇಕಿನಲ್ಲಿ ಜಾರುವುದನ್ನು ಹೇಳಬಲ್ಲ ಈ ಸಂವೇದಕ, ಎಂಜಿನ್ ಬಲಕ್ಕೆ ಜಾರುವುದನ್ನೂ ಹೇಳಬಲ್ಲುದು. 1985ರಲ್ಲಿ ಮರ್ಸಿಡಿಸ್ ಕಂಪನಿ 4ಮ್ಯಾಟಿಕ್ ಎಂಬ ವ್ಯವಸ್ಥೆ ಪ್ರಕಟಿಸಿತು. 1986ರ ಪೋರ್ಷೆ 959, 1989ರ ನಿಸ್ಸಾನ್ ಸ್ಕೈಲೈನ್ ಜಿಟಿ–ಆರ್ ಕಾರುಗಳಲ್ಲಿ ಬಲ ಹಂಚುವ ಕೆಲಸ ಗಣಕಕ್ಕೆ ಒಪ್ಪಿಸಲಾಯಿತು. 1986ರಲ್ಲೇ ಬಾಷ್ ಕಂಪನಿ, ಕಾರಿನೊಳಗಿನ ಗಣಕಗಳು ಒಂದೇ ಜೋಡಿ ತಂತಿಯ ಮೇಲೆ ಪರಸ್ಪರ ಮಾತಾಡಬಲ್ಲ ಕ್ಯಾನ್ ಎಂಬ ಪದ್ಧತಿಯನ್ನು ಹೊರತಂದಿತು. ಇದೇ ಬಾಷ್ 1951ರಿಂದ ಬೆಂಗಳೂರಿನಲ್ಲಿ ‘ಮೈಕೊ’ ಎಂಬ ಹೆಸರಿನಲ್ಲಿ ನಮಗೆ ಪರಿಚಿತವಾಗಿತ್ತು.

ರೊಟ್ಟಿಯ ಅಟ್ಟಿಯಂಥ ಕ್ಲಚ್

ದುಬಾರಿ ಕಾರುಗಳ ಈ ವಿದ್ಯೆ ಸಾಮಾನ್ಯ ಕಾರುಗಳಿಗೆ ಇಳಿಯಲು ನೆರವಾದದ್ದು ಸ್ವೀಡನ್ನಿನ ಹಾಲ್ಡೆಕ್ಸ್ ಕಂಪನಿ 1998ರಲ್ಲಿ ಮಾರುಕಟ್ಟೆಗೆ ತಂದಂಥ ಜೋಡಣೆಗಳು. ಇವುಗಳ ಕೆಲಸ ಅರಿಯಲು ಕಲಬುರಗಿಯ ಖಾನಾವಳಿಗೆ ಹೋದರೆ ಸಾಕು. ಒಂದರ ಮೇಲೊಂದು ಪೇರಿಸಿದ ಕಡಕ್ ರೊಟ್ಟಿಯ ಅಟ್ಟಿಯನ್ನು ನೆನೆಯಿರಿ. ಅದರಲ್ಲಿ ಒಂದು ಬಿಟ್ಟು ಒಂದು ರೊಟ್ಟಿ ಮುಂದಿನ ದಂಡಕ್ಕೆ, ಉಳಿದವು ಹಿಂದಿನ ದಂಡಕ್ಕೆ ಸೇರಿದವು ಎಂದಿಟ್ಟುಕೊಳ್ಳಿ. ಅಟ್ಟಿ ಸಡಿಲವಾಗಿದ್ದರೆ ರೊಟ್ಟಿಗಳು ಒಂದರ ಮೇಲೊಂದು ಜಾರುತ್ತವೆ. ಹಿಂದಿನ ಗಾಲಿಗೆ ಬಲವಿಲ್ಲ. ಮೇಲಿಂದ ಅದುಮಿದಷ್ಟೂ ಅವು ಒಂದನ್ನೊಂದು ಹಿಡಿಯುತ್ತವೆ. ಹಿಂದಿನ ಗಾಲಿಗೆ ಬಲ ಹೋಗುತ್ತದೆ. ಪೂರ್ತಿ ಅದುಮಿದರೆ ಎರಡು ದಂಡಗಳೂ ಒಂದೇ ಆಗುತ್ತವೆ. ಎಣ್ಣೆಯಲ್ಲಿ ಮುಳುಗಿದ ಉಕ್ಕಿನ ತಟ್ಟೆಗಳ ಇಂಥ ಅಟ್ಟಿಯೇ ಬಹುತಟ್ಟೆ ಕ್ಲಚ್.

ಅದುಮುವ ಬಗೆ ಎರಡು. ಒಂದರಲ್ಲಿ ಎಣ್ಣೆಯ ಒತ್ತಡ ತಟ್ಟೆಗಳನ್ನು ಅದುಮುತ್ತದೆ, ಒತ್ತಡ ಎಷ್ಟಿರಬೇಕೆಂಬುದನ್ನು ಗಣಕದ ಅಂಕೆಯಲ್ಲಿರುವ ಕವಾಟ ನಿರ್ಧರಿಸುತ್ತದೆ. ಇನ್ನೊಂದರಲ್ಲಿ ವಿದ್ಯುತ್ಕಾಂತವೊಂದು ಮೊದಲು ಪುಟ್ಟ ಕ್ಲಚ್ಚನ್ನು ಸೆಳೆಯುತ್ತದೆ. ಆ ಸೆಳೆತಕ್ಕೆ ಇಳಿಜಾರು ಹಳ್ಳಗಳಲ್ಲಿ ಕೂತ ಗುಂಡುಗಳು ಮೇಲೇರಿ, ಬೆಣೆ ಹೊಡೆದಂತೆ ದೊಡ್ಡ ಅಟ್ಟಿಯನ್ನು ಅದುಮುತ್ತವೆ. ವಿದ್ಯುತ್ ಹೆಚ್ಚಿಸಿದರೆ ಬಿಗಿತ ಹೆಚ್ಚು, ನಿಲ್ಲಿಸಿದರೆ ಸಡಿಲ.

ಎಷ್ಟು ಅದುಮಬೇಕೆಂದು ಗಣಕಕ್ಕೆ ಹೇಗೆ ಗೊತ್ತು? ನಾಲ್ಕು ಗಾಲಿಗಳ ವೇಗ, ಸ್ಟೇರಿಂಗ್ ತಿರುಗಿದ ಕೋನ, ಚಾಲಕ ಆಕ್ಸಿಲರೇಟರನ್ನು ಎಷ್ಟು ತುಳಿದಿದ್ದಾನೆ ಎಂಬುದು, ಕಾರು ಪಕ್ಕಕ್ಕೆ ತಿರುಗುತ್ತಿರುವ ರೀತಿ – ಇವಿಷ್ಟನ್ನೂ ಅದು ಸೆಕೆಂಡಿಗೆ ಹತ್ತಾರು ಬಾರಿ ಓದುತ್ತದೆ. ಸ್ಟೇರಿಂಗ್ ಇಷ್ಟು ತಿರುಗಿದರೆ ಹೊರಗಾಲಿ ಒಳಗಾಲಿಗಿಂತ ಇಷ್ಟು ಜೋರಾಗಿ ಉರುಳಬೇಕು ಎಂಬ ಹಂತಿಯ ಲೆಕ್ಕ ಅದಕ್ಕೆ ಬಾಯಿಪಾಠ. ಆ ಲೆಕ್ಕಕ್ಕೆ ಮೀರಿ ಯಾವುದಾದರೂ ಗಾಲಿ ತಿರುಗಿದರೆ ಅದು ತಿರುವಲ್ಲ, ಜಾರಿಕೆ ಎಂದು ತಿಳಿದು ಕ್ಲಚ್ಚನ್ನು ಬಿಗಿಯುತ್ತದೆ. ಮೊದಮೊದಲ ವ್ಯವಸ್ಥೆಗಳಲ್ಲಿ ಹಲವು ಗಾಲಿ ಜಾರಿದ ಮೇಲೆಯೇ ಎಚ್ಚರಗೊಳ್ಳುತ್ತಿದ್ದವು. ಈಗಿನವು ಹೆಚ್ಚಾಗಿ ಮುಂಜಾಗ್ರತೆಯವು. ನಿಂತ ಕಾರಿನ ಆಕ್ಸಿಲರೇಟರನ್ನು ಚಾಲಕ ಜೋರಾಗಿ ತುಳಿದರೆ, ಗಾಲಿ ಜಾರುವ ಮೊದಲೇ ಹಿಂದಕ್ಕೂ ಬಲ ಕಳಿಸುತ್ತವೆ. ಬ್ರೇಕ್ ಹಾಕಿದಾಗ, ಪ್ರತಿ ಗಾಲಿಯನ್ನೂ ಎಬಿಎಸ್ ಬೇರೆ ಬೇರೆಯಾಗಿ ನೋಡಿಕೊಳ್ಳಲೆಂದು ಕ್ಲಚ್ ಸಡಿಲಗೊಳ್ಳುತ್ತದೆ.

ಇನ್ನು ಎಡ–ಬಲ ಗಾಲಿಗಳ ನಡುವಿನ ನೊಗದ ತೊಡಕು. ಇದಕ್ಕೆ ಗಣಕ ಕಂಡುಕೊಂಡ ಉಪಾಯ ಸರಳ. ಹುಚ್ಚಾಗಿ ತಿರುಗುವ ಗಾಲಿಗೆ ಮಾತ್ರ ತಾನೇ ಬ್ರೇಕ್ ಹಾಕುತ್ತದೆ. ಜಾರುವ ಎತ್ತಿನ ಕಡೆಯ ನೊಗವನ್ನು ಯಾರೋ ಹಿಡಿದು ನಿಲ್ಲಿಸಿದಂತಾಗಿ, ಜೊತೆಗಾಲಿಗೆ ಬಲ ಸೇರುತ್ತದೆ.

ನಮ್ಮ ರಸ್ತೆಗೆ ಬಂದ ಬಗೆ

ಭಾರತದಲ್ಲಿ ಈ ವಿದ್ಯೆ ಮಧ್ಯಮ ವರ್ಗದ ಕಣ್ಣಳತೆಗೆ ಬಂದದ್ದು ಕಳೆದ ಹದಿನೈದು ವರ್ಷಗಳಲ್ಲಿ. 2011ರಲ್ಲಿ ಮಹೀಂದ್ರ ಎಕ್ಸ್‌ಯುವಿ500, 2014ರಲ್ಲಿ ರೆನೊ ಡಸ್ಟರ್ ಇಂಥ ಮಾದರಿಗಳನ್ನು ತಂದವು. ಡಸ್ಟರಿನಲ್ಲಿ ಒಂದು ದುಂಡು ಗುಂಡಿಯ ಮೇಲೆ ಮೂರು ಆಯ್ಕೆಗಳು: ಎರಡೇ ಗಾಲಿ, ಗಣಕದ ಇಚ್ಛೆ, ಪೂರ್ತಿ ಬೆಸುಗೆ. 2022ರಲ್ಲಿ ಬಂದ ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಕಾರುಗಳ ಕೆಲ ಮಾದರಿಗಳಲ್ಲೂ ಈ ವ್ಯವಸ್ಥೆ ಇದೆ. ಇವೆರಡೂ ತಯಾರಾಗಲು ಆರಂಭವಾದದ್ದು ನಮ್ಮ ಬಿಡದಿಯ ಕಾರ್ಖಾನೆಯಲ್ಲೇ ಎಂಬುದು ಗಮನಾರ್ಹ. 2019ರ ಏಪ್ರಿಲ್‌ನಿಂದ ದೇಶದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾದ್ದರಿಂದ ಗಾಲಿಯ ವೇಗ ಅಳೆಯುವ ಸಂವೇದಕಗಳು ಈಗ ಸಣ್ಣ ಕಾರಿನಲ್ಲೂ ಇವೆ.

ಕಥೆ ಒಂದು ಸುತ್ತು ಬಂದಿರುವುದೂ ಉಂಟು. 2025ರಲ್ಲಿ ಬಂದ ಟಾಟಾ ಹ್ಯಾರಿಯರ್ ವಿದ್ಯುತ್ ಕಾರಿನ ಒಂದು ಮಾದರಿಯಲ್ಲಿ ಮುಂದೊಂದು, ಹಿಂದೊಂದು ಮೋಟಾರು. ನಡುವೆ ದಂಡವೂ ಇಲ್ಲ, ರೊಟ್ಟಿಯ ಅಟ್ಟಿಯೂ ಇಲ್ಲ. ಗಣಕ ಯಾವ ಮೋಟಾರಿಗೆ ಎಷ್ಟು ವಿದ್ಯುತ್ ಬಿಡುತ್ತದೋ ಅಷ್ಟು ಬಲ. 1900ರಲ್ಲಿ ಪೋರ್ಷೆ ಹಿಡಿದ ದಾರಿಯೇ ಇದು. ಅಂದು ಅವನ ಬಳಿ ಗಣಕವಿರಲಿಲ್ಲ, ಅಷ್ಟೇ.

ಗಣಕಕ್ಕೆ ತಿಳಿಯದ್ದು

ಇಷ್ಟೆಲ್ಲ ಇದ್ದ ಮೇಲೆ ಕಮಲಾಪುರದ ಹೊಲದ ದಾರಿ ಗೆದ್ದಂತಾಯಿತೆ? ಇಲ್ಲಿ ಲೆಕ್ಕಕ್ಕೆ ಮರಳಬೇಕು. ಗಣಕ ಓದುವುದು ಗಾಲಿಯನ್ನು, ನೆಲವನ್ನಲ್ಲ. ಮುಂದಿನ ಹತ್ತು ಮಾರಿನಲ್ಲಿ ಎರೆ ಎಷ್ಟು ನೆನೆದಿದೆ ಎಂಬುದು ಗಾಲಿ ಅಲ್ಲಿಗೆ ಹೋಗುವವರೆಗೆ ಅದಕ್ಕೆ ತಿಳಿಯದು. ಟೈರಿನ ಗೆರೆ ತುಂಬಿ ನಾಲ್ಕೂ ಗಾಲಿ ಜಾರತೊಡಗಿದರೆ ಹಂಚಲು ಹಿಡಿತವೇ ಉಳಿದಿರುವುದಿಲ್ಲ. ಆ ಹೊತ್ತಿನಲ್ಲಿ ಎಂಜಿನ್ನನ್ನು ಕೂಗಿಸುತ್ತ ಹೋದರೆ ತಟ್ಟೆಗಳು ಉಜ್ಜಿ ಕಾಯುತ್ತವೆ. ಹೆಚ್ಚು ಕಾದಾಗ ಸುಟ್ಟುಹೋಗದಿರಲೆಂದು ಗಣಕ ಕ್ಲಚ್ಚನ್ನೇ ಬಿಟ್ಟುಬಿಡುತ್ತದೆ. ನಾಲ್ಕು ಗಾಲಿಯ ಕಾರು, ಅತಿ ಬೇಕಾದ ಗಳಿಗೆಯಲ್ಲಿ ಎರಡು ಗಾಲಿಯದಾಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಎರಡಿವೆ. ಮೊದಲನೆಯದು ಬ್ರೇಕಿನದು. ಹೊರಡುವಾಗ ಕಾರುಗಳಲ್ಲಿ ಎರಡು ಗಾಲಿ, ನಾಲ್ಕು ಗಾಲಿ ಎಂಬ ಭೇದವಿದೆ. ನಿಲ್ಲುವಾಗ ಇಲ್ಲ. ಎಲ್ಲ ಕಾರುಗಳಿಗೂ ಬ್ರೇಕ್ ನಾಲ್ಕು ಗಾಲಿಗೇ ಇರುವುದು. ನೆನೆದ ರಸ್ತೆಯ ಮೇಲೆ ಸುಲಭವಾಗಿ ವೇಗ ಪಡೆದ ಚಾಲಕ, ಅಷ್ಟೇ ಸುಲಭವಾಗಿ ನಿಲ್ಲಿಸಬಲ್ಲೆ ಎಂದು ನಂಬಿದರೆ ಮೋಸ ಹೋಗುತ್ತಾನೆ.

ಎರಡನೆಯದು ಹಳ್ಳದ ನೀರು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಕಲಬುರಗಿ ಜಿಲ್ಲೆಯ ಹಳ್ಳಿಗಳು ಜಲಾವೃತವಾದುದನ್ನು ಜನ ಮರೆತಿಲ್ಲ. ಹರಿವ ನೀರಿನಲ್ಲಿ ನಾಲ್ಕು ಗಾಲಿಯ ಬಲವಿದೆಯೆಂದು ಗಾಡಿ ಇಳಿಸುವವರು ಒಂದು ಲೆಕ್ಕ ನೆನಪಿಡಬೇಕು. 4 ಮೀಟರ್ ಉದ್ದ, 1.7 ಮೀಟರ್ ಅಗಲದ ಕಾರಿನ ತಳಕ್ಕಿಂತ 30 ಸೆಂಟಿಮೀಟರ್ ಮೇಲೆ ನೀರು ಬಂದರೆ, ಒಳಗೆ ನೀರು ನುಗ್ಗುವ ತನಕ ಅದನ್ನು ಮೇಲೆತ್ತುವ ಬಲ ಸುಮಾರು 2000 ಕಿಲೊ. ಕಾರಿನ ತೂಕವೇ 1500 ಕಿಲೊ. ಭಾರವಿಲ್ಲದ ಗಾಲಿಗೆ ಹಿಡಿತವಿಲ್ಲ. ಹಿಡಿತವಿಲ್ಲದಲ್ಲಿ ನಾಲ್ಕು ಗಾಲಿಯೂ ಸೊನ್ನೆಗೆ ಸಮ. ಆಗ ಕಾರು ವಾಹನವಾಗಿ ಉಳಿಯುವುದಿಲ್ಲ, ನೀರಿನಲ್ಲಿ ತೇಲುವ ಡಬ್ಬಿಯಾಗುತ್ತದೆ.

ಇವು ಪ್ರಾಣಕ್ಕೆ ಬರುವ ಅಪಾಯಗಳಾದರೆ, ಜೇಬಿಗೆ ಬರುವವೂ ಇವೆ. ಒಂದು ಟೈರು ಮಾತ್ರ ಹೊಸದಾಗಿ ಹಾಕಿಸಿ, ಉಳಿದ ಮೂರು ತೀರಾ ಸವೆದಿದ್ದರೆ ಅವುಗಳ ಸುತ್ತಳತೆ ಹೊಂದುವುದಿಲ್ಲ. ಸಣ್ಣ ಗಾಲಿ ಸದಾ ಹೆಚ್ಚು ಸುತ್ತು ತಿರುಗುತ್ತದೆ, ಗಣಕಕ್ಕೆ ಅದು ಜಾರಿಕೆಯಂತೆ ಕಂಡು ಕ್ಲಚ್ ದಣಿಯುತ್ತದೆ. ಕೆಟ್ಟು ನಿಂತ ಕಾರಿನ ಮುಂಭಾಗ ಎತ್ತಿ, ಹಿಂದಿನ ಗಾಲಿಗಳನ್ನು ನೆಲದ ಮೇಲೆ ಉರುಳಿಸುತ್ತ ಟ್ರ್ಯಾಕ್ಟರಿನಿಂದ ಎಳೆದೊಯ್ಯುವುದು ಊರ ಕಡೆ ಸಾಮಾನ್ಯ. ಎರಡು ದಂಡಗಳು ಕ್ಲಚ್ಚಿನಲ್ಲಿ ಕೂಡುವ ಈ ಕಾರುಗಳಿಗೆ ಅದು ಹಾನಿ. ನಾಲ್ಕೂ ಗಾಲಿಯನ್ನು ಎತ್ತಿ ಸಾಗಿಸಬೇಕು. ಹಳೆಯ ಜೀಪನ್ನು ಪಾನ, ಸುತ್ತಿಗೆ ಹಿಡಿದ ಮಿಸ್ತ್ರಿ ಮರದ ನೆರಳಲ್ಲೇ ಬಿಚ್ಚಿ ಕೂಡಿಸುತ್ತಿದ್ದ. ಇಂದು ಒಂದು ಸಂವೇದಕಕ್ಕೆ ರಾಡಿ ಮೆತ್ತಿ ಫಲಕದ ಮೇಲೆ ದೀಪ ಹೊತ್ತಿಕೊಂಡರೂ ಕಾರಣ ಹುಡುಕಲು ಸ್ಕ್ಯಾನರ್ ಬೇಕು. ಅದಕ್ಕಾಗಿ ಹಳ್ಳಿಯಿಂದ ನಗರಕ್ಕೇ ಬರಬೇಕು.

ಹಾಗೆಂದು ಈ ವಿದ್ಯೆಯನ್ನು ಹಳಿಯಬೇಕಿಲ್ಲ. ಮಳೆ ಬಿದ್ದ ಹೆದ್ದಾರಿಯ ತಿರುವಿನಲ್ಲಿ, ಜಲ್ಲಿ ಚೆಲ್ಲಿದ ದಿಬ್ಬದಲ್ಲಿ, ಅರ್ಧ ಡಾಂಬರು ಅರ್ಧ ಕೆಸರಿನ ರಸ್ತೆಯಂಚಿನಲ್ಲಿ ಅದು ಮನುಷ್ಯನ ಕೈಗಿಂತ ಚುರುಕಾಗಿ, ತಪ್ಪಿಲ್ಲದೆ ಕೆಲಸ ಮಾಡುತ್ತದೆ. ಸನ್ನೆಗೋಲು ಎಳೆಯಲು ಮರೆತು ಸಿಕ್ಕಿಬೀಳುವವರ, ತೆಗೆಯಲು ಮರೆತು ಗಾಡಿ ಕೆಡಿಸುವವರ ಕಾಲ ಹೋಯಿತು. ಹೋಗಬಾರದಿದ್ದುದು ಒಂದಿತ್ತು: ದಾರಿಯನ್ನು ಇಳಿದು ನೋಡುವ ರೂಢಿ.

ಕಮಲಾಪುರದ ಕೆಂಪು ಬಾಳೆಗೂ ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ಅದರ ಗೊನೆ ಹೇರಲು ಮಳೆಗಾಲದಲ್ಲಿ ತೋಟಕ್ಕೆ ಹೋಗುವ ಅನುಭವಿ ಚಾಲಕ ಮೊದಲು ಗಾಡಿಯನ್ನು ಡಾಂಬರಿನ ಮೇಲೇ ನಿಲ್ಲಿಸುತ್ತಾನೆ. ಇಳಿದು ಹತ್ತು ಹೆಜ್ಜೆ ನಡೆದು, ಹಿಮ್ಮಡಿಯಿಂದ ನೆಲವನ್ನು ಮೆಟ್ಟಿ ನೋಡುತ್ತಾನೆ. ಹಿಮ್ಮಡಿ ಹೂತರೆ ಗಾಡಿ ಅಲ್ಲೇ ಉಳಿಯುತ್ತದೆ, ಗೊನೆಗಳು ಹೆಗಲ ಮೇಲೆ ರಸ್ತೆಗೆ ಬರುತ್ತವೆ. ಗಾಡಿಗೆ ಎರಡು ಗಾಲಿಯ ಬಲವಿರಲಿ, ನಾಲ್ಕು ಗಾಲಿಯ ಬಲವಿರಲಿ, ಈ ಪರೀಕ್ಷೆ ಮಾತ್ರ ಬದಲಾಗಿಲ್ಲ. ಯಾವ ಗಾಲಿಗೆ ಎಷ್ಟು ಬಲ ಎಂಬುದನ್ನು ಗಣಕಕ್ಕೆ ಬಿಡಬಹುದು. ಗಾಡಿಯನ್ನು ಅಲ್ಲಿಗೆ ಇಳಿಸಬೇಕೆ, ಬೇಡವೆ ಎಂಬ ತೀರ್ಮಾನ ಇಂದಿಗೂ ಮನುಷ್ಯನದೇ.